‘ಬಿಟ್ಟೆ’ ಎನ್ನಲು ಮೊದಲು ಹಿಡಿದಿರಬೇಕು: ನಂಬಿಕೆ ತೊರೆಯುವ ಪದಗಳ ಹಿನ್ನೆಲೆ

1415ರ ಜೂನ್ ತಿಂಗಳು. ಕಾನ್‌ಸ್ಟನ್ಸ್ ನಗರದಲ್ಲಿ ಸೇರಿದ್ದ ಚರ್ಚ್ ಮಹಾಸಭೆಯ ಮುಂದೆ ವಿಚಾರಣೆಗೆ ನಿಂತಿದ್ದವನು ಬೊಹೆಮಿಯಾದ ಧರ್ಮೋಪದೇಶಕ ಯಾನ್ ಹುಸ್. ಅವನ ಮೇಲಿನ ಆರೋಪಪಟ್ಟಿ ಉದ್ದವಾಗಿತ್ತು. ಅದರಲ್ಲಿರುವ ಎಲ್ಲ ತಪ್ಪು ಬೋಧನೆಗಳನ್ನೂ ‘ಅಬ್‌ಯುರಾರೆ’ ಮಾಡು, ಅಂದರೆ ಆಣೆಯಿಟ್ಟು ಬಿಡು, ಎಂದು ಸಭೆ ಕೇಳಿತು. ಪ್ರಾಣ ಉಳಿಸಿಕೊಳ್ಳಲು ಇದ್ದ ದಾರಿ ಅದೊಂದೇ. ಹುಸ್ ಆಗ ಒಂದು ನಿಘಂಟನ್ನು ನೆನಪಿಸಿದ. 1286ರಲ್ಲಿ ಮುಗಿದ, ಯುರೋಪಿನ ಮಠಗಳಲ್ಲೆಲ್ಲ ಬಳಕೆಯಲ್ಲಿದ್ದ ‘ಕ್ಯಾಥೊಲಿಕಾನ್’ ಎಂಬ ಲ್ಯಾಟಿನ್ ಕೋಶ ಅದು. ಅದರ ಪ್ರಕಾರ ಈ ಪದಕ್ಕೆ ಅರ್ಥ, ಹಿಂದೆ ಹಿಡಿದಿದ್ದ ತಪ್ಪನ್ನು ತೊರೆಯುವುದು. ಪಟ್ಟಿಯಲ್ಲಿದ್ದ ಹಲವು ಮಾತುಗಳನ್ನು ತಾನು ಹಿಡಿದೂ ಇಲ್ಲ, ಬೋಧಿಸಿಯೂ ಇಲ್ಲ ಎಂಬುದು ಅವನ ವಾದ. ಹಿಡಿಯದೇ ಇದ್ದದ್ದನ್ನು ಬಿಟ್ಟೆನೆಂದು ಆಣೆಯಿಟ್ಟರೆ, ಹಿಡಿದಿದ್ದೆನೆಂದೂ ಆಣೆಯಿಟ್ಟಂತಾಗುತ್ತದೆ. ಅದು ಸುಳ್ಳಾಣೆ.

ಸಭೆಯಲ್ಲಿದ್ದ ದೊರೆ ಸಿಗಿಸ್ಮಂಡನಿಗೆ ಇದು ಅರ್ಥವಾಗಲಿಲ್ಲ. ತಪ್ಪುಗಳನ್ನೆಲ್ಲ ಬಿಟ್ಟೆನೆನ್ನಲು ತನಗೇನೂ ಅಡ್ಡಿಯಿಲ್ಲ, ಅದಕ್ಕೆ ಹಿಂದೆ ಅವನ್ನು ಹಿಡಿದಿರಲೇಬೇಕೆಂದೇನೂ ಇಲ್ಲವಲ್ಲ ಎಂದ. ಆ ಪದದ ಅರ್ಥ ಅದಲ್ಲ ಎಂದು ಹುಸ್ ದೊರೆಗೇ ತಿರುಗಿ ಹೇಳಿದ. ಜುಲೈ 6ರಂದು ಅವನನ್ನು ಸುಟ್ಟರು.

ಒಂದು ಕ್ರಿಯಾಪದದ ಅರ್ಥಕ್ಕಾಗಿ ಹೀಗೆ ಪಟ್ಟುಹಿಡಿದು ನಿಂತವರು ವಿರಳ. ಹುಸ್ ತೋರಿಸಿಕೊಟ್ಟ ಅಂತರವನ್ನು ನಾವು ಕನ್ನಡದಲ್ಲಿ ಸಾಮಾನ್ಯವಾಗಿ ಕಳೆದುಕೊಳ್ಳುತ್ತೇವೆ. ಇಂಗ್ಲಿಷಿನ ರಿಕ್ಯಾಂಟ್, ಅಬ್‌ಜ್ಯೂರ್, ರಿಟ್ರ್ಯಾಕ್ಟ್, ರಿನೌನ್ಸ್, ಅಪಾಸ್ಟಸಿ ಎಲ್ಲವನ್ನೂ ‘ತ್ಯಜಿಸು’, ‘ಹಿಂತೆಗೆದುಕೊಳ್ಳು’ ಎಂಬ ಎರಡು ಬುಟ್ಟಿಗಳಿಗೆ ತುಂಬಿಬಿಡುತ್ತೇವೆ. ಆದರೆ ಈ ಪದಗಳು ಒಂದೇ ಕೆಲಸದ ಬೇರೆ ಬೇರೆ ಹೆಸರುಗಳಲ್ಲ. ಒಂದು ಬಾಯಿಯಿಂದ ಮಾಡುವ ಕೆಲಸ, ಇನ್ನೊಂದು ಗ್ರಂಥದ ಮೇಲಿಟ್ಟ ಕೈಯದು, ಮತ್ತೊಂದು ಲೇಖನಿಯದು, ಮಗದೊಂದು ಕಾಲಿನದು. ಯಾವುದನ್ನು ಮಾಡಿಸಿದರು ಎಂಬುದರ ಮೇಲೆ ಆ ಮನುಷ್ಯನಿಗೆ ಮುಂದೇನಾಗಬಹುದು ಎಂಬುದು ನಿಂತಿತ್ತು.

ಹಾಡನ್ನು ಹಿಂದಕ್ಕೆ ಹಾಡುವುದು

ಇವುಗಳಲ್ಲಿ ಅತ್ಯಂತ ಸ್ವಾರಸ್ಯದ ಹುಟ್ಟು ‘ರಿಕ್ಯಾಂಟ್’ನದು. ಲ್ಯಾಟಿನ್ನಿನಲ್ಲಿ ‘ಕಾಂಟಾರೆ’ ಎಂದರೆ ಹಾಡುವುದು, ‘ರೆ’ ಎಂದರೆ ಹಿಂದಕ್ಕೆ ಅಥವಾ ಮತ್ತೆ. ಹಾಡಿದ್ದನ್ನು ಹಿಂದಕ್ಕೆ ಹಾಡುವುದೇ ರಿಕ್ಯಾಂಟ್. ಲ್ಯಾಟಿನ್ನಿನವರು ಇದನ್ನು ಗ್ರೀಕಿನ ‘ಪಾಲಿನೋಡಿಯಾ’ದ ಅಚ್ಚಿನಲ್ಲಿ ಎರಕ ಹೊಯ್ದರು. ‘ಪಾಲಿನ್’ ಎಂದರೆ ಹಿಂದಕ್ಕೆ, ‘ಓಡೆ’ ಎಂದರೆ ಹಾಡು.

ಗ್ರೀಕ್ ಪದದ ಹಿಂದೆ ಒಬ್ಬ ಕವಿಯ ಐತಿಹ್ಯವಿದೆ. ಸಿಸಿಲಿಯ ಹಿಮೆರಾದ ಕವಿ ಸ್ಟೆಸಿಕೋರಸ್ ಕ್ರಿ.ಪೂ. 6ನೇ ಶತಮಾನದ ಸುಮಾರಿಗೆ ಬದುಕಿದ್ದವನು. ಗಂಡನನ್ನು ಬಿಟ್ಟು ಹಡಗು ಹತ್ತಿ ಟ್ರಾಯ್ ನಗರಕ್ಕೆ ಹೋದದ್ದರಿಂದ ಅಲ್ಲಿನ ಯುದ್ಧಕ್ಕೆ ಹೆಲೆನ್‌ಳೇ ಕಾರಣ ಎಂದು ಹಾಡು ಕಟ್ಟಿ ಅವಳನ್ನು ನಿಂದಿಸಿದ್ದಕ್ಕೆ ಅವನ ಕಣ್ಣು ಹೋಯಿತಂತೆ. ಕಾರಣ ಅರಿತ ಕವಿ ಇನ್ನೊಂದು ಹಾಡು ಕಟ್ಟಿದ, ದೃಷ್ಟಿ ಮರಳಿತು. ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ಆ ಎರಡನೆಯ ಹಾಡಿನ ಮೂರು ಸಾಲುಗಳನ್ನು ಉಳಿಸಿಕೊಟ್ಟಿದ್ದಾನೆ. ಅವುಗಳ ತಾತ್ಪರ್ಯ: ಆ ಕಥೆ ನಿಜವಲ್ಲ, ನೀನು ಹಡಗು ಹತ್ತಲಿಲ್ಲ, ಟ್ರಾಯ್‌ನ ಕೋಟೆಗೆ ನೀನು ಹೋಗಲೂ ಇಲ್ಲ.

ಈ ಮೂರು ಸಾಲುಗಳ ರಚನೆಯನ್ನು ಹತ್ತಿರದಿಂದ ನೋಡಬೇಕು. ಇಲ್ಲಿ ‘ತಪ್ಪಾಯಿತು, ಕ್ಷಮಿಸು’ ಎಂಬ ಮಾತೇ ಇಲ್ಲ. ಮೊದಲ ಹಾಡು ಹೇಳಿದ್ದನ್ನು ಒಂದೊಂದಾಗಿ ಎತ್ತಿಕೊಂಡು ಒಂದೊಂದಕ್ಕೂ ‘ಇಲ್ಲ’ ಎಂದು ಹೇಳಲಾಗಿದೆ. ಹಾಡಿದವನೇ, ಹಾಡಿದ ವಸ್ತುವನ್ನೇ, ಹಾಡಿನ ರೂಪದಲ್ಲೇ ಅಳಿಸುತ್ತಾನೆ. ಹಾಡು ಹಬ್ಬಿದ ದಾರಿಯಲ್ಲೇ ಅದರ ನಿರಾಕರಣೆಯೂ ಹಬ್ಬಬೇಕು ಎಂಬ ಒಪ್ಪಂದ ಇದರಲ್ಲಿ ಅಡಗಿದೆ. ಮುಂದೆ ಎರಡು ಸಾವಿರ ವರ್ಷ ಅಧಿಕಾರಸ್ಥರು ‘ಎಲ್ಲಿ ಬೋಧಿಸಿದೆಯೋ ಅಲ್ಲೇ ನಿಂತು ಅಲ್ಲವೆಂದು ಹೇಳು’ ಎಂದು ಒತ್ತಾಯಿಸಿದ್ದರ ಬೀಜವೂ ಇಲ್ಲೇ ಇದೆ.

ರೋಮಿನ ಕವಿ ಹೊರೇಸ್ ತಾನು ಬರೆದ ನಿಂದೆಯ ಪದ್ಯಗಳನ್ನು ಹಿಂದಕ್ಕೆ ಹಾಡುತ್ತೇನೆ ಎಂದು ಒಬ್ಬ ಹೆಣ್ಣಿಗೆ ಮಾತು ಕೊಡುವಾಗ ಬಳಸಿದ್ದು ಇದೇ ಕ್ರಿಯಾಪದ. ಓವಿಡ್‌ನಲ್ಲಿ ಅದಕ್ಕೆ ಬೇರೊಂದು ಬಣ್ಣವಿದೆ, ಮಂತ್ರ ಹಾಕಿ ನೋವನ್ನು ಓಡಿಸುವುದು. ಹಾಡು ಮತ್ತು ಮಂತ್ರ ಲ್ಯಾಟಿನ್ನಿನಲ್ಲಿ ಒಂದೇ ಬೇರಿನವು. ಮಂತ್ರಮುಗ್ಧಗೊಳಿಸು ಎಂಬರ್ಥದ ಇಂಗ್ಲಿಷಿನ ‘ಎನ್‌ಚಾಂಟ್’ ಕೂಡ ಅದೇ ಬೇರಿನಿಂದ ಬಂದದ್ದು. ಆಡಿದ ಮಾತು ಮಂತ್ರದ ಹಾಗೆ ಕಟ್ಟುಹಾಕುತ್ತದೆ, ಬಿಡಿಸಲು ಅಷ್ಟೇ ಬಲದ ಇನ್ನೊಂದು ಮಾತು ಬೇಕು ಎಂಬ ನಂಬಿಕೆ ಈ ಪದದ ತಳದಲ್ಲಿದೆ.

ಹತ್ತಿರದ ಕನ್ನಡ ನುಡಿಗಟ್ಟು ‘ರಾಗ ಬದಲಿಸು’. ಆದರೂ ಎರಡೂ ಒಂದಲ್ಲ. ರಾಗ ಬದಲಿಸಿದ ಎನ್ನುವುದು ಪಕ್ಕದಲ್ಲಿ ನಿಂತು ನೋಡುವವನ ಮಾತು, ಅದರಲ್ಲಿ ತಾತ್ಸಾರವಿದೆ. ರಿಕ್ಯಾಂಟ್ ಎದುರಿಗೆ ಕುಳಿತು ಕೇಳುವವನ ಪದ, ಅದರಲ್ಲಿ ಆಜ್ಞೆಯಿದೆ.

ಸೌದೆ ಹೊರೆಯ ಕಾಲ

ಇಂಗ್ಲಿಷಿಗೆ ರಿಕ್ಯಾಂಟ್ ಬಂದದ್ದು 1530ರ ದಶಕದಲ್ಲಿ. ಅದು ಎಂಟನೆಯ ಹೆನ್ರಿ ರೋಮಿನಿಂದ ಬೇರೆಯಾದ ದಶಕ. 1534ರ ಕಾಯ್ದೆಯಿಂದ ದೊರೆಯೇ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥನಾದ. ನಿನ್ನೆಯ ಸರಿ ಇಂದು ತಪ್ಪಾಗುತ್ತಿದ್ದ ಹೊತ್ತಿನಲ್ಲಿ, ಬಹಿರಂಗವಾಗಿ ಮಾತು ಬದಲಿಸುವುದಕ್ಕೆ ಒಂದು ಪದ ಬೇಕಾಗಿತ್ತು. ಗ್ರೀಕ್, ಲ್ಯಾಟಿನ್ ಓದಿದ ಮಾನವತಾವಾದಿಗಳ ಬಾಯಲ್ಲಿ ‘ಪಾಲಿನೋಡಿಯಾ ಹಾಡು’ ಎಂಬ ನುಡಿಗಟ್ಟು ಆಗಲೇ ಓಡಾಡುತ್ತಿತ್ತು. ಎರಾಸ್ಮಸ್ ಅದನ್ನು ತನ್ನ ಗಾದೆಗಳ ಸಂಗ್ರಹಕ್ಕೂ ಸೇರಿಸಿದ್ದ.

ಹಾಡು ಎಂಬ ಮೂಲದ ಲಾಲಿತ್ಯ ಆಚರಣೆಯಲ್ಲಿ ಇರಲಿಲ್ಲ. ತಪ್ಪೊಪ್ಪಿ ಬಿಟ್ಟವನು ಹೆಗಲ ಮೇಲೆ ಸೌದೆಯ ಹೊರೆ ಹೊತ್ತು ಜನರ ಮುಂದೆ ನಿಲ್ಲಬೇಕಿತ್ತು. ತನ್ನನ್ನು ಸುಡಬೇಕಾಗಿದ್ದ ಸೌದೆಯನ್ನು ತಾನೇ ಹೊತ್ತು ತೋರಿಸುವುದು ಆ ಹೊರೆಯ ಅರ್ಥ. ಕೇಂಬ್ರಿಜ್‌ನ ಧರ್ಮಬೋಧಕ ಥಾಮಸ್ ಬಿಲ್ನಿ 1527ರಲ್ಲಿ ಹೀಗೆ ಹೊರೆ ಹೊತ್ತು ಲಂಡನ್ನಿನ ಪಾಲ್ಸ್ ಕ್ರಾಸ್‌ನಲ್ಲಿ ನಿಂತ. ಆಮೇಲೆ ಅವನ ಮನಸ್ಸು ತಡೆಯಲಿಲ್ಲ. ಮತ್ತೆ ಬೋಧನೆಗೆ ಹೊರಟ. 1531ರಲ್ಲಿ ನಾರ್ವಿಚ್‌ನಲ್ಲಿ ಅವನನ್ನು ಸುಟ್ಟರು. ಎರಡನೆಯ ಬಾರಿಗೆ ಕ್ಷಮೆ ಇರಲಿಲ್ಲ.

ಥಾಮಸ್ ಕ್ರ್ಯಾನ್ಮರ್‌ನ ಕಥೆಯಲ್ಲಿ ನಿಯಮವೇ ಮುರಿಯಿತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದವನು, ಇಂಗ್ಲೆಂಡಿನ ಪ್ರಾಟೆಸ್ಟಂಟ್ ಪ್ರಾರ್ಥನಾ ಪುಸ್ತಕವನ್ನು ರೂಪಿಸಿದವನು. ಕ್ಯಾಥೊಲಿಕ್ ರಾಣಿ ಮೇರಿಯ ಕಾಲದಲ್ಲಿ ಸೆರೆಯಲ್ಲಿದ್ದಾಗ, 1556ರ ಆರಂಭದ ವಾರಗಳಲ್ಲಿ, ಒಂದಾದ ಮೇಲೊಂದರಂತೆ ಆರು ಹೇಳಿಕೆಗಳಿಗೆ ಸಹಿ ಹಾಕಿದ. ಮೊದಲನೆಯವು ಜಾರಿಕೆಯ ಮಾತುಗಳು. ಒಂದನ್ನು ಕೊಟ್ಟರೆ ಇನ್ನೂ ಗಟ್ಟಿಯಾದದ್ದನ್ನು ಕೇಳುತ್ತಿದ್ದರು. ಕೊನೆಯದು ಪೂರ್ಣ ಶರಣಾಗತಿ. ಮೊದಲ ಬಾರಿಗೆ ಪಶ್ಚಾತ್ತಾಪಪಟ್ಟವನನ್ನು ಸುಡದೆ ಬಿಡುವುದು ರೂಢಿ. ಆದರೆ ಅವನನ್ನು ಸುಡುವುದೆಂದು ಆಗಲೇ ತೀರ್ಮಾನವಾಗಿತ್ತು. ಮಾರ್ಚ್ 21ರಂದು ಆಕ್ಸ್‌ಫರ್ಡಿನ ಚರ್ಚಿನಲ್ಲಿ ಜನರ ಮುಂದೆ ಕೊನೆಯ ಬಾರಿಗೆ ನಂಬಿಕೆ ತೊರೆದು ಮಾತಾಡಬೇಕಾಗಿದ್ದವನು, ಬರೆದುಕೊಟ್ಟಿದ್ದ ಭಾಷಣವನ್ನು ನಡುವೆ ಬಿಟ್ಟು, ಆ ಎಲ್ಲ ಸಹಿಗಳನ್ನೂ ತೊರೆಯುತ್ತೇನೆ ಎಂದ. ಬೆಂಕಿ ಹೊತ್ತಿದಾಗ ಸಹಿ ಹಾಕಿದ ಬಲಗೈಯನ್ನೇ ಮೊದಲು ಅದಕ್ಕೆ ಒಡ್ಡಿದ. ನುಡಿದ ಬಾಯಿಗಿಂತ ಬರೆದ ಕೈಯೇ ಅವನ ಪಾಲಿಗೆ ಅಪರಾಧಿಯಾಗಿತ್ತು. ಹಿಂತೆಗೆತವನ್ನೇ ಹಿಂತೆಗೆಯುವುದಕ್ಕೆ ಭಾಷೆಯಲ್ಲಿ ಬೇರೆ ಪದವಿಲ್ಲ. ಎರಡಕ್ಕೂ ರಿಕ್ಯಾಂಟ್ ಎಂದೇ ಹೇಳಬೇಕು.

ಆಣೆಯ ಅಂಗಾಂಗ

ಅಬ್‌ಜ್ಯೂರ್‌ನಲ್ಲಿ ‘ಅಬ್’ ಎಂದರೆ ದೂರಕ್ಕೆ, ‘ಯುರಾರೆ’ ಎಂದರೆ ಆಣೆಯಿಡುವುದು. ಇದು ನ್ಯಾಯಾಲಯದ ಪದ. ರಿಕ್ಯಾಂಟ್‌ಗೆ ಕೇಳುಗರಿದ್ದರೆ ಸಾಕು, ಇದಕ್ಕೆ ಆಣೆ, ಗ್ರಂಥ, ಸಾಕ್ಷಿ, ದಾಖಲೆ, ಸಹಿ ಎಲ್ಲವೂ ಬೇಕು.

ಇದರ ಕಟ್ಟಡ ಹೇಗಿರುತ್ತಿತ್ತು ಎಂದು ತಿಳಿಯಲು ಗೆಲಿಲಿಯೊ 1633ರ ಜೂನ್ 22ರಂದು ರೋಮಿನ ಸಾಂತಾ ಮಾರಿಯಾ ಸೋಪ್ರಾ ಮಿನೆರ್ವಾ ಮಠದಲ್ಲಿ ಓದಿದ ಪಠ್ಯಕ್ಕಿಂತ ಒಳ್ಳೆಯ ಮಾದರಿಯಿಲ್ಲ. ಅದು ಲ್ಯಾಟಿನ್ನಿನಲ್ಲಿಲ್ಲ, ಇಟಾಲಿಯನ್ನಿನಲ್ಲಿದೆ. ಮೊದಲು ಗುರುತು: ನಾನು ಗೆಲಿಲಿಯೊ, ದಿವಂಗತ ವಿನ್ಸೆಂಜೊ ಗೆಲಿಲಿಯ ಮಗ, ಫ್ಲಾರೆನ್ಸಿನವನು, ವಯಸ್ಸು 70. ಆಮೇಲೆ ಭಂಗಿ: ಮಂಡಿಯೂರಿದ್ದೇನೆ, ಸುವಾರ್ತೆಗಳು ಕಣ್ಣೆದುರಿಗಿವೆ, ಕೈಯಿಂದ ಮುಟ್ಟಿದ್ದೇನೆ. ಮೂರನೆಯದು ನಂಬಿಕೆಯ ಘೋಷಣೆ, ಅದೂ ಮೂರು ಕಾಲದಲ್ಲಿ: ಚರ್ಚ್ ಹೇಳುವುದನ್ನೆಲ್ಲ ನಂಬಿದ್ದೆ, ನಂಬುತ್ತೇನೆ, ಮುಂದೆಯೂ ನಂಬುವೆ. ನಾಲ್ಕನೆಯದು ತಪ್ಪಿನ ನಿರೂಪಣೆ: ಸೂರ್ಯ ಅಚಲ, ಭೂಮಿ ಚಲಿಸುತ್ತದೆ ಎಂಬ ಮತವನ್ನು ಬಿಡಬೇಕೆಂದು ಆಜ್ಞೆಯಾದ ಮೇಲೂ ಅದನ್ನು ಚರ್ಚಿಸುವ ಪುಸ್ತಕ ಬರೆದೆ, ಆದ್ದರಿಂದ ಪಾಷಂಡಮತದ ಬಲವಾದ ಅನುಮಾನಕ್ಕೆ ಗುರಿಯಾದೆ. ಐದನೆಯದು ಇಡೀ ಪಠ್ಯದ ಮೊಳೆ, ಮೂರು ಕ್ರಿಯಾಪದಗಳು: ‘ಅಬಿಯೂರೊ, ಮಲೆದೀಕೊ ಎ ದೆತೆಸ್ತೊ’, ಆಣೆಯಿಟ್ಟು ಬಿಡುತ್ತೇನೆ, ಶಪಿಸುತ್ತೇನೆ, ಹೇಸುತ್ತೇನೆ. ಅದರ ಮೇಲೆ ಭವಿಷ್ಯದ ಹೊಣೆ: ಇನ್ನು ಮುಂದೆ ಹಾಗೆ ಹೇಳುವುದಿಲ್ಲ, ಬರೆಯುವುದಿಲ್ಲ, ಅಂಥವರು ಯಾರಾದರೂ ಕಂಡುಬಂದರೆ ಧರ್ಮನ್ಯಾಯಾಲಯಕ್ಕೆ ತಿಳಿಸುವೆ. ಕೊನೆಗೆ ಪ್ರಾಯಶ್ಚಿತ್ತಕ್ಕೆ ಒಪ್ಪಿಗೆ, ಮಾತು ತಪ್ಪಿದರೆ ಶಿಕ್ಷೆಗೆ ಒಪ್ಪಿಗೆ, ಸ್ವಹಸ್ತದ ಸಹಿ.

ನಂಬಿಕೆ ಬಿಟ್ಟದ್ದಷ್ಟೇ ಸಾಲದು, ಅದೇ ನಂಬಿಕೆಯವರ ಮೇಲೆ ದೂರು ಕೊಡುವವನೂ ಆಗಬೇಕು. ಈ ಪಠ್ಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಸಾಲು. ಭೂಮಿ ತಿರುಗುವ ವಿಷಯಕ್ಕಿಂತ ಭಾರವಾದ ಮಾತು ಅದು, ಏಕೆಂದರೆ ಅದು ಒಬ್ಬನ ಸೋಲನ್ನು ಅವನ ಗೆಳೆಯರ ಮೇಲಿನ ಬೆದರಿಕೆಯಾಗಿ ಮಾಡುತ್ತದೆ. ಪಠ್ಯದ ಪ್ರತಿಗಳನ್ನು ಪೋಪನ ರಾಯಭಾರಿಗಳಿಗೂ ಊರೂರಿನ ವಿಚಾರಣಾಧಿಕಾರಿಗಳಿಗೂ ಕಳಿಸಿದರು. ಫ್ಲಾರೆನ್ಸಿನಲ್ಲಿ ಗಣಿತಜ್ಞರನ್ನು ಕರೆಸಿ ಅವರೆದುರು ಓದಿಸಿದರು. ಹಾಡು ಹಬ್ಬಿದ ದಾರಿಯಲ್ಲೇ ನಿರಾಕರಣೆಯೂ ಹಬ್ಬಬೇಕೆಂಬ ಹಳೆಯ ಒಪ್ಪಂದಕ್ಕೆ ಈಗ ಅಂಚೆಯೂ ಸೇರಿಕೊಂಡಿತು.

ಮಂಡಿಯಿಂದ ಎದ್ದವನೇ ‘ಆದರೂ ಅದು ಚಲಿಸುತ್ತದೆ’ ಎಂದು ಗೊಣಗಿದ ಎಂಬ ಮಾತು ಜನಜನಿತ. ಅದು ಅಚ್ಚಿನಲ್ಲಿ ಕಾಣಿಸಿದ್ದು 1757ರಲ್ಲಿ, ಲಂಡನ್ನಿನಲ್ಲಿ ಪ್ರಕಟವಾದ ಒಂದು ಪುಸ್ತಕದಲ್ಲಿ, ಘಟನೆಯಾಗಿ 124 ವರ್ಷಗಳಾದ ಮೇಲೆ. ಆ ಕೋಣೆಯಲ್ಲಿ ಹಾಗೆ ಅಂದಿದ್ದರೆ ಅದರ ಪರಿಣಾಮ ಏನಾಗುತ್ತಿತ್ತೆಂದು ಗೆಲಿಲಿಯೊಗೆ ಚೆನ್ನಾಗಿ ಗೊತ್ತಿತ್ತು. ಕಾರಣ ‘ಬಲವಾದ ಅನುಮಾನ’ ಎಂಬ ಎರಡು ಪದಗಳಲ್ಲಿದೆ.

ಧರ್ಮನ್ಯಾಯಾಲಯ ಅನುಮಾನವನ್ನು ದರ್ಜೆಯಾಗಿ ಅಳೆಯುತ್ತಿತ್ತು. ಲಘು ಅನುಮಾನದ ಆಣೆಗೆ ‘ದೆ ಲೇವಿ’, ಬಲವಾದ ಅನುಮಾನದ ಆಣೆಗೆ ‘ದೆ ವೆಹೆಮೆಂತಿ’ ಎಂದು ಹೆಸರು. ಲಘು ಆಣೆ ಇಟ್ಟವನು ಮತ್ತೆ ಸಿಕ್ಕಿಬಿದ್ದರೆ ಶಿಕ್ಷೆ ಹೆಚ್ಚಾಗುತ್ತಿತ್ತು, ಆದರೆ ಅವನನ್ನು ‘ಮರುಪತಿತ’ ಎಂದು ಎಣಿಸುತ್ತಿರಲಿಲ್ಲ. ಬಲವಾದ ಅನುಮಾನದ ಆಣೆ ಇಟ್ಟವನು ಮತ್ತೆ ಸಿಕ್ಕಿದರೆ, ಮೊದಲ ಬಾರಿ ಅಪರಾಧ ಸಾಬೀತಾಗಿರದಿದ್ದರೂ ಸಾಬೀತಾಗಿತ್ತೆಂದೇ ಕಾನೂನು ಭಾವಿಸುತ್ತಿತ್ತು. ಅವನು ಮರುಪತಿತ. ಮರುಪತಿತನನ್ನು ಸರ್ಕಾರದ ಕೈಗೆ ಒಪ್ಪಿಸುತ್ತಿದ್ದರು, ಅಂದರೆ ಬೆಂಕಿ. ಆಣೆ ಬಿಡುಗಡೆಯ ಪತ್ರದಂತೆ ಕಂಡರೂ ಕೆಲಸ ಮಾಡುತ್ತಿದ್ದುದು ತಡೆಹಿಡಿದ ಮರಣಶಾಸನದಂತೆ. ಗೆಲಿಲಿಯೊ 1642ರಲ್ಲಿ ತೀರಿಕೊಳ್ಳುವವರೆಗೂ ಗೃಹಬಂಧನದಲ್ಲಿದ್ದು ಚಲನಶಾಸ್ತ್ರದ ಮೇಲೆ ದೊಡ್ಡ ಗ್ರಂಥ ಬರೆದ, ಭೂಮಿಯ ಚಲನೆಯ ಪರವಾಗಿ ವಾದಿಸಲಿಲ್ಲ.

ಈ ಯಂತ್ರಕ್ಕೆ ಸಿಕ್ಕಿ ಹೋದವಳು ಜೋನ್ ಆಫ್ ಆರ್ಕ್, ದೈವವಾಣಿ ಕೇಳಿಸುತ್ತದೆ ಎನ್ನುತ್ತ ಗಂಡುಡುಪು ತೊಟ್ಟು ಫ್ರೆಂಚ್ ಸೇನೆಯ ಮುಂದೆ ನಡೆದವಳು. 1431ರ ಮೇ 24ರಂದು ರುವಾನ್‌ನ ಸೇಂತ್ ವಾಂ ಸ್ಮಶಾನದಲ್ಲಿ, ಸುಡುವ ಬೆದರಿಕೆಯ ನಡುವೆ, ಓದುಬರಹ ಬಾರದ ಹತ್ತೊಂಬತ್ತರ ಹುಡುಗಿ ಅದೆಲ್ಲವನ್ನೂ ತೊರೆಯುವ ಆಣೆಯ ಹಾಳೆಗೆ ಗುರುತು ಹಾಕಿದಳು. ನಾಲ್ಕು ದಿನಗಳ ನಂತರ ಸೆರೆಮನೆಯಲ್ಲಿ ಅವಳು ಮತ್ತೆ ಗಂಡುಡುಪಿನಲ್ಲಿ ಕಂಡಳು. ದೈವವಾಣಿ ಮತ್ತೆ ಕೇಳಿಸಿತು ಎಂದಳು. 30ರಂದು ಸುಟ್ಟರು. ಮೊದಲು ಗುರುತು ಹಾಕಿಸಿರದಿದ್ದರೆ ಮರುಪತಿತೆ ಎಂಬ ಆರೋಪವೇ ಹುಟ್ಟುತ್ತಿರಲಿಲ್ಲ. ಇಪ್ಪತ್ತೈದು ವರ್ಷಗಳ ನಂತರ ತೀರ್ಪಿನ ಮರುವಿಚಾರಣೆ ನಡೆದಾಗ, ಅಂದು ಅಲ್ಲಿದ್ದ ಸಾಕ್ಷಿಗಳು ಒಂದು ವಿಷಯ ಹೇಳಿದರು: ಅವಳಿಗೆ ಓದಿಹೇಳಿದ ಹಾಳೆಯಲ್ಲಿದ್ದದ್ದು ಆರೇಳು ಸಾಲು. ನ್ಯಾಯಾಲಯದ ಕಡತದಲ್ಲಿ ಅವಳ ಹೆಸರಿನಲ್ಲಿರುವ ಪಠ್ಯ ಅದಕ್ಕಿಂತ ಹಲವು ಪಟ್ಟು ಉದ್ದ. ಆಣೆಯ ಪದ್ಧತಿ ನಿಂತಿರುವುದೇ ಪದಗಳ ಮೇಲೆ. ಆಣೆ ಇಟ್ಟ ಪದಗಳೂ ದಾಖಲಾದ ಪದಗಳೂ ಬೇರೆಯಾದರೆ ಮನುಷ್ಯ ಯಾವುದನ್ನು ಬಿಟ್ಟನೆಂದು ಹೇಳಲು ಬರುವುದಿಲ್ಲ. 1456ರ ಜುಲೈ 7ರಂದು ಹಳೆಯ ತೀರ್ಪು ರದ್ದಾಯಿತು.

ಅಬ್‌ಜ್ಯೂರ್ ಧರ್ಮದ ಹೊರಗೂ ಬದುಕಿದೆ. 1581ರಲ್ಲಿ ನೆದರ್‌ಲ್ಯಾಂಡ್ಸ್ ಪ್ರಾಂತ್ಯಗಳು ಸ್ಪೇನಿನ ಎರಡನೆಯ ಫಿಲಿಪ್‌ನನ್ನು ದೊರೆಯಾಗಿ ತೊರೆದ ಶಾಸನಕ್ಕೆ ಇಂಗ್ಲಿಷಿನಲ್ಲಿ ಇದೇ ಹೆಸರು. ಅಮೆರಿಕದ ಪೌರತ್ವ ಪಡೆಯುವವರು ಇಂದಿಗೂ ಬೇರೆ ದೇಶದ ನಿಷ್ಠೆಯನ್ನು ‘ರಿನೌನ್ಸ್ ಅಂಡ್ ಅಬ್‌ಜ್ಯೂರ್’ ಮಾಡುವುದಾಗಿ ಪ್ರಮಾಣ ಮಾಡುತ್ತಾರೆ.

ಮತ್ತೆ ಕೈಗೆತ್ತಿಕೊಳ್ಳುವುದು

ರಿಟ್ರ್ಯಾಕ್ಟ್ ಪದದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸಂತ ಆಗಸ್ಟೀನ್ 426–427ರ ಸುಮಾರಿಗೆ ಬರೆದ ‘ರಿಟ್ರ್ಯಾಕ್ಟಾತಿಯೋನೆಸ್’ ಅವನ ಹಿಂತೆಗೆತಗಳ ಪಟ್ಟಿ ಎಂದು ಹಲವರು ಅಂದುಕೊಂಡಿದ್ದಾರೆ. ಆ ಲ್ಯಾಟಿನ್ ಪದಕ್ಕೆ ಮತ್ತೆ ಕೈಗೆತ್ತಿಕೊಂಡು ನೋಡುವುದು, ಪರಿಷ್ಕರಿಸುವುದು ಎಂದು ಅರ್ಥ. ಮುಪ್ಪಿನಲ್ಲಿ ತನ್ನ 93 ಕೃತಿಗಳನ್ನು ಬರೆದ ಕ್ರಮದಲ್ಲೇ ಮುಂದಿಟ್ಟುಕೊಂಡು, ಇಲ್ಲಿ ಮಾತು ಸಡಿಲವಾಯಿತು, ಅಲ್ಲಿ ತಪ್ಪಿದೆ, ಇದನ್ನು ಹೀಗೆ ಓದಿಕೊಳ್ಳಿ ಎಂದು ಟಿಪ್ಪಣಿ ಬರೆದ. ಹಲವೆಡೆ ತನ್ನ ಮಾತು ಸರಿಯೇ ಎಂದು ಸಮರ್ಥಿಸಿಯೂ ಇದ್ದಾನೆ. ಯಾರೂ ಒತ್ತಾಯಿಸಿರಲಿಲ್ಲ. ಇಂದಿನ ಇಂಗ್ಲಿಷ್ ಪದದಲ್ಲಿ ಈ ‘ಮತ್ತೆ ನೋಡು’ವಿನ ಜೊತೆಗೆ ‘ಹಿಂದಕ್ಕೆ ಎಳೆ’ ಎಂಬ ಇನ್ನೊಂದು ಲ್ಯಾಟಿನ್ ಕ್ರಿಯಾಪದವೂ ಬೆರೆತುಹೋಗಿದೆ. 1521ರ ಏಪ್ರಿಲ್ 18ರಂದು ವರ್ಮ್ಸ್ ನಗರದ ಸಭೆಯಲ್ಲಿ ಧರ್ಮಸುಧಾರಕ ಲೂಥರ್ ‘ಮಾಡಲಾರೆ, ಮಾಡುವುದೂ ಇಲ್ಲ’ ಎಂದದ್ದು ಮೂರನೆಯದೊಂದನ್ನು, ‘ರೆವೊಕಾರೆ’ಯನ್ನು: ಹಿಂದಕ್ಕೆ ಕರೆಯುವುದು, ಹೊರಗೆ ಹೋದ ಮಾತನ್ನು ಕೂಗಿ ವಾಪಸು ಕರೆಸಿಕೊಳ್ಳುವುದು.

ದೂರ ನಿಲ್ಲುವುದು, ಬೀಳುವುದು, ತಿರುಗುವುದು

ಅಪಾಸ್ಟಸಿ ಈ ಸಾಲಿನಲ್ಲಿ ಬೇರೆ ಜಾತಿಯ ಪದ. ಗ್ರೀಕಿನಲ್ಲಿ ‘ಅಪೊ’ ಎಂದರೆ ದೂರ, ‘ಸ್ಟಾಸಿಸ್’ ಎಂದರೆ ನಿಲುವು. ಮೊದಲಿಗೆ ಅದು ರಾಜಕೀಯದ ಮಾತು: ಮಿತ್ರಕೂಟದಿಂದ ಒಂದು ನಗರ ಸಿಡಿದು ದೂರ ನಿಂತರೆ ಅದು ಅಪಾಸ್ಟಸಿಸ್. ಹೀಬ್ರೂ ಧರ್ಮಗ್ರಂಥಗಳು ಗ್ರೀಕಿಗೆ ಅನುವಾದವಾದಾಗ ದೇವರ ವಿರುದ್ಧದ ದಂಗೆಗೂ ಇದೇ ಪದ ಬಂತು. ಕ್ರಿ.ಶ. 361ರಿಂದ 363ರವರೆಗೆ ಆಳಿದ ರೋಮನ್ ಚಕ್ರವರ್ತಿ ಜೂಲಿಯನ್‌ನಿಗೆ ‘ಅಪಾಸ್ಟೇಟ್’ ಎಂಬ ಅಡ್ಡಹೆಸರು ಅಂಟಿದ್ದು ಅವನು ಕ್ರೈಸ್ತಮತ ಬಿಟ್ಟು ಹಳೆಯ ದೇವರುಗಳ ಕಡೆಗೆ ಹೋದದ್ದಕ್ಕೆ. ಅಡ್ಡಹೆಸರು ಇಟ್ಟವರು ಅವನು ಬಿಟ್ಟುಹೋದವರು. ರಿಕ್ಯಾಂಟ್, ಅಬ್‌ಜ್ಯೂರ್‌ಗಳನ್ನು ‘ನಾನು’ ಎಂದು ಹೇಳಿಸುತ್ತಾರೆ. ಅಪಾಸ್ಟೇಟ್ ಎಂದು ಹಿಂದೆ ಉಳಿದವರು ‘ಅವನು’ ಎಂದು ಬೆರಳು ತೋರುತ್ತಾರೆ.

ಬಿಡುವ ಪದವೇ ಇಲ್ಲದೆ ಬಿಡಿಸುವ ವಿಧಾನವೂ ಒಂದಿತ್ತು. 249ರ ಕೊನೆಯ ಹೊತ್ತಿಗೆ ಚಕ್ರವರ್ತಿ ಡೀಸಿಯಸ್ ಸಾಮ್ರಾಜ್ಯದವರೆಲ್ಲ ದೇವರುಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಹಾಗೆ ಮಾಡಿದವರಿಗೆ ಕೊಟ್ಟ ಪಪೈರಸ್ ಪ್ರಮಾಣಪತ್ರಗಳಲ್ಲಿ ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಉಳಿದು ನಮ್ಮ ಕಾಲಕ್ಕೆ ಬಂದಿವೆ. ಮೊದಲನೆಯದು ಪ್ರಕಟವಾದದ್ದು 1893ರಲ್ಲಿ. ಅದರಲ್ಲಿ ಅರ್ಜಿದಾರನ ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು ಎಂದಿದೆ. ಬಲಿ ಮೇಲ್ವಿಚಾರಣೆಗೆ ನೇಮಕವಾದವರಿಗೆ ಬರೆದ ಮನವಿ ಅದು: ನಾನು ಸದಾ ದೇವರುಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗ ತಮ್ಮ ಎದುರು ಆಜ್ಞೆಯಂತೆ ಬಲಿ ಕೊಟ್ಟು, ತರ್ಪಣ ಬಿಟ್ಟು, ಪ್ರಸಾದ ಸವಿದಿದ್ದೇನೆ, ಸಹಿ ಮಾಡಿಕೊಡಬೇಕು. ಅದರಲ್ಲಿ ಕ್ರಿಸ್ತನ ಹೆಸರಿಲ್ಲ, ಯಾವುದನ್ನೂ ಬಿಟ್ಟೆನೆಂಬ ಮಾತಿಲ್ಲ. ‘ಸದಾ’ ಎಂಬ ಒಂದೇ ಪದ ಆ ಕೆಲಸ ಮಾಡುತ್ತದೆ. ಹುಸ್‌ನಿಂದ ಕೇಳಿದ್ದು ಇರದ ಗತಕಾಲವೊಂದನ್ನು ಒಪ್ಪಿಕೊಳ್ಳುವುದನ್ನು. ಇಲ್ಲಿ ಒಬ್ಬ ಕ್ರೈಸ್ತ ಅರ್ಜಿ ಹಾಕಿದ್ದರೆ, ಇದ್ದ ಗತಕಾಲವೇ ಅಳಿಸಿಹೋಗುತ್ತಿತ್ತು.

ಕಿರುಕುಳ ನಿಂತ ಮೇಲೆ ಚರ್ಚಿಗೆ ಮರಳಲು ಬಂದವರನ್ನು ಏನು ಮಾಡುವುದು ಎಂಬುದು ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ನ ಕಾಲದ ದೊಡ್ಡ ಜಗಳವಾಯಿತು. ಎಲ್ಲರಿಗೂ ಸೇರಿ ‘ಲಾಪ್ಸಿ’, ಬಿದ್ದವರು, ಎಂದು ಹೆಸರು. ಅವರೊಳಗೆ ಬಲಿ ಕೊಟ್ಟವರು ಒಂದು ಗುಂಪು, ಧೂಪ ಮಾತ್ರ ಹಾಕಿದವರು ಇನ್ನೊಂದು. ಬಲಿ ಕೊಡದೆಯೇ ಅಧಿಕಾರಿಗೆ ಹಣ ಕೊಟ್ಟು ಪತ್ರ ಗಿಟ್ಟಿಸಿದವರು ಮೂರನೆಯ ಗುಂಪು. ಕೈ ಮಾಡದ ತಪ್ಪನ್ನು ಕಾಗದ ಮಾಡಿದರೆ ಅದು ತಪ್ಪೇ ಎಂಬ ಪ್ರಶ್ನೆಗೆ, ತಪ್ಪೇ, ಆದರೆ ಪ್ರಾಯಶ್ಚಿತ್ತ ಕಡಿಮೆ ಎಂಬ ಉತ್ತರ ಸಿಕ್ಕಿತು.

‘ಬೀಳು’ ಎಂಬ ಅದೇ ಚಿತ್ರ ಜಪಾನಿನಲ್ಲಿ ಸ್ವತಂತ್ರವಾಗಿ ಹುಟ್ಟಿದೆ. 17ನೇ ಶತಮಾನದಲ್ಲಿ ಕ್ರೈಸ್ತಮತ ಬಿಟ್ಟವರಿಗೆ ಅಲ್ಲಿ ‘ಕೊರೊಬಿ’ ಎನ್ನುತ್ತಿದ್ದರು. ‘ಕೊರೊಬು’ ಎಂದರೆ ಮುಗ್ಗರಿಸಿ ಉರುಳುವುದು. ನಾಗಸಾಕಿಯಲ್ಲಿ 1620ರ ದಶಕದ ಕೊನೆಯಿಂದ ಕ್ರಿಸ್ತ ಅಥವಾ ಮೇರಿಯ ಚಿತ್ರವಿರುವ ಫಲಕವನ್ನು ಕಾಲಿನಿಂದ ತುಳಿಸುತ್ತಿದ್ದರು. ಆ ಫಲಕದ ಹೆಸರು ‘ಫುಮಿ-ಎ’, ತುಳಿಯುವ ಚಿತ್ರ. ಗೆಲಿಲಿಯೊ ಮಂಡಿಯೂರಿದ ಅದೇ 1633ರಲ್ಲಿ ಪೋರ್ಚುಗಲ್ಲಿನ ಜೆಸ್ಯೂಟ್ ಹಿರಿಯ ಕ್ರಿಸ್ತೊವಾಂವ್ ಫೆರೇರಾ, ಹೊಂಡದೊಳಕ್ಕೆ ತಲೆಕೆಳಗಾಗಿ ತೂಗುಹಾಕಿದ ಕೆಲವೇ ಗಂಟೆಗಳಲ್ಲಿ ಕೊರೊಬಿಯಾದ. ಬಿಟ್ಟವರಿಂದ ಬರೆಸಿಕೊಂಡ ಪ್ರಮಾಣಪತ್ರಗಳಲ್ಲಿ ಒಂದು ವಿಚಿತ್ರ ತೊಡಕು ಕಾಣುತ್ತದೆ. ಮಾತಿಗೆ ತಪ್ಪಿದರೆ ತಂದೆ, ಮಗ, ಪವಿತ್ರಾತ್ಮ, ಮೇರಿ ಮತ್ತು ದೇವದೂತರೆಲ್ಲರ ಶಿಕ್ಷೆ ತಟ್ಟಲಿ ಎಂದು ಅವುಗಳಲ್ಲಿ ಬರೆಸಿಕೊಂಡಿದ್ದಾರೆ. ಆಣೆ ಕಟ್ಟಿಹಾಕಬೇಕಾದರೆ ಮನುಷ್ಯ ಹೆದರುವ ದೇವರ ಮೇಲೆಯೇ ಇಡಿಸಬೇಕಲ್ಲ. ನಂಬಿಕೆ ಹೋಯಿತೆಂದು ಸಾರುವ ಕಾಗದವೇ ನಂಬಿಕೆ ಇನ್ನೂ ಇದೆಯೆಂದು ಹೇಳಿಬಿಡುತ್ತದೆ. ಆಣೆಯಿಂದ ನಂಬಿಕೆ ಬಿಡಿಸುವ ವಿಧಾನದ ಮೂಲ ದೋಷ ಇಷ್ಟು ಬೆತ್ತಲಾಗಿ ಬೇರೆಲ್ಲೂ ಕಂಡಿಲ್ಲ.

ಸರಿಯಾಗಿ 300 ವರ್ಷಗಳ ನಂತರ, 1933ರ ಜೂನ್‌ನಲ್ಲಿ, ಜಪಾನಿನ ಕಮ್ಯುನಿಸ್ಟ್ ಪಕ್ಷದ ಸೆರೆಯಲ್ಲಿದ್ದ ನಾಯಕರಾದ ಸಾನೊ ಮನಾಬು ಮತ್ತು ನಾಬೆಯಾಮ ಸದಾಚಿಕ ಪಕ್ಷದ ನಿಲುವನ್ನು ಬಿಟ್ಟೆವೆಂದು ಹೇಳಿಕೆ ಕೊಟ್ಟರು. ನೂರಾರು ಕೈದಿಗಳು ಅವರ ಹಿಂದೆ ಬಂದರು. ಇದಕ್ಕೆ ಬಳಕೆಯಾದ ಪದ ‘ತೆಂಕೊ’, ದಿಕ್ಕು ತಿರುಗುವುದು. ತೆಂಕೊದ ಮೊದಲ ಅಕ್ಷರವೂ ಕೊರೊಬುವನ್ನು ಬರೆಯುವ ಅಕ್ಷರವೂ ಒಂದೇ. ಅದೇ ಲಿಪಿಚಿಹ್ನೆ ಒಂದು ಓದಿನಲ್ಲಿ ಬೀಳುವುದು, ಇನ್ನೊಂದರಲ್ಲಿ ತಿರುಗುವುದು.

ಇಲ್ಲಿಗೆ ಬಂದಾಗ ಕನ್ನಡದ ‘ತಿರುಗಿಬೀಳು’ ನೆನಪಾಗದೆ ಇರದು. ತಿರುಗುವುದೂ ಬೀಳುವುದೂ ಒಂದೇ ಪದದಲ್ಲಿವೆ, ಅರ್ಥವೋ ದಂಗೆಯೇಳುವುದು, ನಿಷ್ಠೆ ಮುರಿಯುವುದು. ಗ್ರೀಕರ ಮೂಲ ಅಪಾಸ್ಟಸಿಗೆ ಇದಕ್ಕಿಂತ ಹತ್ತಿರದ ಮಾತು ‘ಧರ್ಮತ್ಯಾಗ’ದಲ್ಲಿ ಸಿಗುವುದಿಲ್ಲ. ತ್ಯಾಗ ಎಂಬುದು ಕನ್ನಡದ ಕಿವಿಗೆ ಪುಣ್ಯದ ಕೆಲಸ. ಬಿಟ್ಟುಹೋದವನನ್ನು ಹಿಂದೆ ಉಳಿದವರು ಬೈಯುವ ಪದಕ್ಕೆ ಆ ಬಣ್ಣ ಬಳಿದರೆ ಓದುಗ ದಾರಿ ತಪ್ಪುತ್ತಾನೆ. ಬೈಗುಳದ ದನಿ ಬೇಕಾದಲ್ಲಿ ‘ಧರ್ಮಭ್ರಷ್ಟ’ವೇ ಸರಿ, ಅದರಲ್ಲೂ ಜಾರಿ ಬೀಳುವ ಚಿತ್ರವೇ ಇದೆ. ರಿಕ್ಯಾಂಟ್‌ಗೆ ಪತ್ರಿಕೆಗಳ ‘ಹೇಳಿಕೆ ಹಿಂಪಡೆ’ ನಡೆಯುತ್ತದೆ, ಆದರೆ ಒತ್ತಾಯದಿಂದ ಬಹಿರಂಗವಾಗಿ ಹೇಳಿಸಿದ್ದು ಎಂಬುದನ್ನು ವಾಕ್ಯದಲ್ಲೇ ತರಬೇಕು, ಪದ ತಾನಾಗಿ ತರುವುದಿಲ್ಲ. ಆಗಸ್ಟೀನನ ಪುಸ್ತಕಕ್ಕೆ ‘ಪುನರವಲೋಕನ’ ಸಾಕು. ಅಬ್‌ಜ್ಯೂರ್‌ಗೆ ಒಂದೇ ಪದ ಹುಡುಕುವ ಹಟ ಬೇಡ. ‘ಆಣೆಯಿಟ್ಟು ತೊರೆ’ ಎಂದು ಎರಡು ಪದ ಬರೆದರೆ ಆಣೆಯೂ ಉಳಿಯುತ್ತದೆ, ತೊರೆಯುವುದೂ ಉಳಿಯುತ್ತದೆ.

ಹುಸ್‌ನ ಇಕ್ಕಟ್ಟಿಗೆ ಮಾತ್ರ ಕನ್ನಡದಲ್ಲಿ ಲ್ಯಾಟಿನ್ನಿಗಿಂತ ಚೊಕ್ಕ ಜೋಡಿಯೊಂದಿದೆ. ‘ಅಲ್ಲ’ ಎಂದು ಕಳೆಯುವುದು ಅಲ್ಲಗಳೆಯುವುದು. ನನ್ನದಲ್ಲದ್ದನ್ನು ನನ್ನದಲ್ಲ ಎನ್ನುವ ಮಾತು ಅದು. ನನ್ನದಾಗಿದ್ದದ್ದನ್ನು ಬಿಡುವುದು ತೊರೆಯುವುದು. ಪಟ್ಟಿಯಲ್ಲಿದ್ದ ಆ ಸುಳ್ಳು ಆರೋಪಗಳನ್ನು ಅವನು ಕೊನೆಯವರೆಗೂ ಅಲ್ಲಗಳೆದ. ಸಭೆ ಕೇಳುತ್ತಿದ್ದುದು ತೊರೆಯಬೇಕೆಂದು.